ಬೆಂಕಿಗೆ ಎಷ್ಟು ಗಾಳಿ?

ಸಸ್ಯತ್ಯಾಜ್ಯವನ್ನು ಕಾಯಿಸಿ ಇಂಧನ ಪಡೆಯುವ ರಸಾಯನಶಾಸ್ತ್ರದ ಮೊದಲ ಪಾಠ ಆಲೆಮನೆಯ ಒಲೆಯಲ್ಲೇ ಇದೆ. ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್.ಪೇಟೆ ಸೀಮೆಯಲ್ಲಿ ಗಾಣದಿಂದ ಬಿದ್ದ ಕಬ್ಬಿನ ಸಿಪ್ಪೆಯನ್ನು ಬಯಲಲ್ಲಿ ಹರಡಿ, ಬಿಸಿಲಿಗೆ ಒಣಗಿಸಿ, ಕೊಪ್ಪರಿಗೆಯಡಿಯ ಒಲೆಗೆ ತುಂಬುತ್ತಾರೆ. ಹಸಿ ಸಿಪ್ಪೆಯ ತೂಕದಲ್ಲಿ ಸುಮಾರು ಅರ್ಧ ನೀರೇ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2.3 ಮೆಗಾಜೂಲ್ ಶಾಖ ಬೇಕು. ಬಿಸಿಲು ಆ ಕೆಲಸ ಮಾಡದಿದ್ದರೆ ಬೆಂಕಿಯೇ ಅದನ್ನು ಮಾಡಬೇಕಾಗುತ್ತದೆ.

ಒಣಗಿದ ಸಿಪ್ಪೆ ಉರಿಯುವ ಮೊದಲು ಒಡೆಯುತ್ತದೆ. ಹೆಮಿಸೆಲ್ಯುಲೋಸ್ ಸುಮಾರು 220ರಿಂದ 315 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೆಲ್ಯುಲೋಸ್ 315ರಿಂದ 400 ಡಿಗ್ರಿಯಲ್ಲಿ ಆವಿಯಾಗಿ ಬಿಡುತ್ತವೆ. ಲಿಗ್ನಿನ್ ನಿಧಾನವಾಗಿ ಒಡೆದು ಹೆಚ್ಚು ಇದ್ದಿಲು ಉಳಿಸುತ್ತದೆ. ಒಲೆಬಾಯಲ್ಲಿ ಕಾಣುವ ಹಳದಿ ಜ್ವಾಲೆ ಈ ಆವಿ ಗಾಳಿಯಲ್ಲಿ ಉರಿಯುವುದೇ ಹೊರತು ಸಿಪ್ಪೆಯಲ್ಲ. ಆದ್ದರಿಂದ ಯಾವ ಇಂಧನ ಸಿಗುತ್ತದೆ ಎಂಬುದನ್ನು ಕಾವು, ಕಾಯಿಸುವ ವೇಗ ಮತ್ತು ಗಾಳಿಯ ಪ್ರಮಾಣ ನಿರ್ಧರಿಸುತ್ತವೆ.

ಗಾಳಿಯಿಲ್ಲದೆ ನಿಧಾನವಾಗಿ ಕಾಯಿಸಿದರೆ ತೂಕದ ಮೂರನೇ ಒಂದರಷ್ಟು ಇದ್ದಿಲು ದೊರೆಯುತ್ತದೆ. 500 ಡಿಗ್ರಿಯ ಆಸುಪಾಸಿಗೆ ಥಟ್ಟನೆ ಕಾಯಿಸಿ, ಆವಿಯನ್ನು ಒಂದೆರಡು ಸೆಕೆಂಡಿನಲ್ಲಿ ತಣಿಸಿದರೆ ಅರ್ಧಕ್ಕೂ ಹೆಚ್ಚು ಪಾಲು ಎಣ್ಣೆಯಾಗುತ್ತದೆ. ಆದರೆ ಈ ಎಣ್ಣೆ ಹುಳಿ, ನೀರು ತುಂಬಿದ್ದು, ಇಟ್ಟಷ್ಟೂ ಗಟ್ಟಿಯಾಗುವಂಥದ್ದು. ಕಿಲೋಗೆ ಸಿಗುವ ಶಾಖ ಡೀಸೆಲ್‌ನ ಅರ್ಧಕ್ಕಿಂತ ಕಡಿಮೆ. ಇದನ್ನು ವಾಹನದ ಇಂಧನವಾಗಿಸಲು ಹೈಡ್ರೋಜನ್ ಮತ್ತು ದೊಡ್ಡ ಕಾರ್ಖಾನೆ ಬೇಕು.

ಪೂರ್ಣ ದಹನಕ್ಕೆ ಬೇಕಾದುದರ ಮೂರನೇ ಒಂದರಷ್ಟೇ ಗಾಳಿ ಕೊಟ್ಟಾಗ, 800 ಡಿಗ್ರಿ ದಾಟಿದ ಕೆಂಡ ಇಂಗಾಲದ ಡೈಆಕ್ಸೈಡನ್ನೂ ನೀರಾವಿಯನ್ನೂ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಆಗಿ ಮಾರ್ಪಡಿಸುತ್ತದೆ. ಈ ಅನಿಲದಲ್ಲಿ ಅರ್ಧದಷ್ಟು ಉರಿಯದ ಸಾರಜನಕವಿರುವುದರಿಂದ ದೂರ ಸಾಗಿಸುವುದು ದಂಡ. ಅದರೊಂದಿಗೆ ಬರುವ ಜಿಗುಟು ಟಾರನ್ನು ಸೋಸಿ, ಅನಿಲವನ್ನು ತಯಾರಾದಲ್ಲೇ ಬಳಸಬೇಕು. ಹಗುರ ತ್ಯಾಜ್ಯವನ್ನು ಲಾರಿಯಲ್ಲಿ ಹೊರುವುದಕ್ಕೆ ಬದಲು ಹಳ್ಳಿಯಲ್ಲೇ ಬಳಸುವವರಿಗೆ ಇದೇ ಅನುಕೂಲ. ನಾಗಮಂಗಲದ ನೆರೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 1988ರಲ್ಲಿ 3.7 ಕಿಲೋವಾಟ್‌ನ ಘಟಕ ನಡೆಸಿ, ಸೌದೆಯ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ ಕೊಟ್ಟಿತು.

ಹಾಗೆಂದು ಎಲ್ಲ ತ್ಯಾಜ್ಯವೂ ಅನಿಲಕ್ಕೆ ಒಗ್ಗುವುದಿಲ್ಲ. ನಾಗಮಂಗಲ, ಕೆ.ಆರ್.ಪೇಟೆಗಳ ತೆಂಗಿನ ಚಿಪ್ಪು ಗಟ್ಟಿ, ಬೂದಿ ಕಡಿಮೆ; ಅದು ಸೂಕ್ತ. ಕಬ್ಬಿನ ತರಗು ಹಗುರ. ಅದರಲ್ಲಿನ ಪೊಟ್ಯಾಸಿಯಂ, ಸಿಲಿಕಾ ಸೇರಿ ಬೂದಿ ಕರಗಿ ಗಟ್ಟಿ ಕಟ್ಟಿಕೊಳ್ಳುತ್ತದೆ. ಗದ್ದೆಯಲ್ಲಿ ಸುಟ್ಟರೆ ಅದರ ಸಾರಜನಕವೂ ಹೊಗೆಯಾಗಿ ಹೋಗುತ್ತದೆ. ಆದ್ದರಿಂದ ತರಗು ಸಾಲುಗಳ ನಡುವೆ ಮುಚ್ಚಿಗೆಯಾಗಲಿ, ಒಣಸಿಪ್ಪೆ ಬೆಲ್ಲದ ಒಲೆಗಿರಲಿ, ಚಿಪ್ಪು ಅನಿಲವಾಗಲಿ. ಮಣ್ಣಿಗೆ ಸಲ್ಲಬೇಕಾದುದು ಮಣ್ಣಿಗೆ ಸಂದ ಮೇಲೆ ಉಳಿದದ್ದು ಮಾತ್ರ ಇಂಧನ.