ನಳದ ಸುದ್ದಿ ಎಲ್ಲರ ಕಿವಿಗೂ ಬೀಳಲಿ

ಇಳಕಲ್ ಕಡೆಯ ನೇಕಾರ ಮನೆತನದವಳು ನಾನು. ಮಗ್ಗದ ಸಪ್ಪಳದಲ್ಲಿ ಮೊಬೈಲ್ ಕೂಗಿದರೂ ಕೇಳಿಸುವುದಿಲ್ಲ. ನಳ ಇಂದು ಬರುತ್ತದೋ ನಾಳೆಯೋ ಎಂಬುದು ವಾರ್ಡಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದವರಿಗಷ್ಟೇ ಗೊತ್ತು. ಅತ್ತೆಯವರ ಬಳಿ ಇರುವುದು ಗುಂಡಿಯ ಫೋನು. ಅವರೂ ಕರ ಕಟ್ಟುವವರೇ ಅಲ್ಲವೇ?

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಜನ ಅರ್ಜಿ ಹಾಕುವವರೆಗೆ ಕಾಯದೆ ಕಚೇರಿಗಳೇ ಮಾಹಿತಿ ಹಂಚಬೇಕು. ಸ್ಥಳೀಯ ಭಾಷೆ, ಖರ್ಚು, ಆ ಊರಿಗೆ ಒಗ್ಗುವ ವಿಧಾನ ಎಲ್ಲವನ್ನೂ ಗಮನಿಸಬೇಕು. ಸೂಚನಾ ಫಲಕ, ಪತ್ರಿಕೆ, ಸಾರ್ವಜನಿಕ ಘೋಷಣೆ, ಇಂಟರ್ನೆಟ್ ಎಲ್ಲವೂ ಅದರಲ್ಲಿವೆ.

ಹಾಗೆಂದು ನಗರಸಭೆ ಇ-ಮೇಲ್ ಕಳಿಸುವುದು ಬೇಡವೆನ್ನುತ್ತಿಲ್ಲ. ಬೆಂಗಳೂರಿನಲ್ಲಿ ದುಡಿಯುತ್ತ ಬಾಗಲಕೋಟೆಯ ನವನಗರದ ಮನೆಗೆ ಕರ ಕಟ್ಟುವವರಿಗೆ ಅದು ಅನುಕೂಲ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಸಿಗುವ ಶೇ 5ರ ರಿಯಾಯಿತಿಯನ್ನು ಹಾಗೆಯೇ ತಿಳಿಸಲಿ. ಆದರೆ ಹೊಳೆ ಏರುವ ಸುದ್ದಿಗೆ ಅದು ಸಾಲದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳೂ ನೀರಲ್ಲಿ ನಿಂತವು. ಅಂಥ ರಾತ್ರಿ ಡಂಗುರವೇ ಬೇಕು.

ಕಸದ ಗಾಡಿಗೆ ಮೈಕು ಇದ್ದೇ ಇದೆ. ಹಾಡಿನ ನಡುವೆ ನೀರಿನ ದಿನ, ತೆರಿಗೆಯ ಗಡುವು, ಸಭೆಯ ತಾರೀಖು ಹೇಳಲಿ. ಅದನ್ನೇ ಫಲಕಕ್ಕೆ ಬರೆಯಲಿ, ಕೇಳಿದವರಿಗೆ ಇ-ಮೇಲ್ ಮಾಡಲಿ. ನಗರಸಭೆ ಸದಸ್ಯರೇ, ಮುಂದಿನ ಸಾಮಾನ್ಯ ಸಭೆಯಲ್ಲಿ ಇದನ್ನೊಂದು ಠರಾವು ಮಾಡಿ.