ಕ್ಷಣಹೊತ್ತು ಬರೆಯದಿದ್ದರೆ ಸರ್ವರ್ ಮುಳುಗುವುದಿಲ್ಲ

ಸ್ನ್ಯಾಪ್‌ಶಾಟ್ ತೆಗೆಯುವಾಗ ಫೈಲ್‌ಸಿಸ್ಟಮ್‌ಗೆ ಬರೆಯುವುದನ್ನು ತುಸುಹೊತ್ತು ತಡೆಹಿಡಿಯಿರಿ, ಅಂದರೆ ಫ್ರೀಜ್ ಮಾಡಿ ಎಂದರೆ ಸಾಕು, ಬಿಡುವಿಲ್ಲದ ಸರ್ವರ್‌ಗಳನ್ನು ನೋಡಿಕೊಳ್ಳುವ ಹಲವರು ಹೌಹಾರುತ್ತಾರೆ. ಅವರ ಆಕ್ಷೇಪಗಳು ಮುಖ್ಯವಾಗಿ ನಾಲ್ಕು. ಒಂದೊಂದನ್ನೂ ತೂಗಿ ನೋಡೋಣ.

1. “ಬರೆಯುವುದು ನಿಂತರೆ ಸೇವೆಯೇ ನಿಂತಂತೆ.”

ಓದು ನಿಲ್ಲುವುದಿಲ್ಲ. ಬರೆಯಲು ಬಂದ ಪ್ರೋಸೆಸ್‌ಗೂ ಎರರ್ ಬರುವುದಿಲ್ಲ, ಅದು ಸರದಿಯಲ್ಲಿ ಕಾಯುತ್ತದೆ, ಅಷ್ಟೆ. ಅದೂ ಸ್ನ್ಯಾಪ್‌ಶಾಟ್ ಶುರುವಾಗುವವರೆಗೆ ಮಾತ್ರ, ನಕಲು ಪೂರ್ತಿಯಾಗುವವರೆಗಲ್ಲ. ನಿಜವಾಗಿ ಹೊತ್ತು ಹಿಡಿಯುವುದು ಮೆಮೊರಿಯಲ್ಲಿ ಕೂತಿರುವ ಡೇಟಾವನ್ನು ಡಿಸ್ಕ್‌ಗೆ ಇಳಿಸುವ ಕೆಲಸ. ಲಿನಕ್ಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಲಭ್ಯ ಮೆಮೊರಿಯ ಶೇ. 20ರವರೆಗೂ ಹೀಗೆ ಬಾಕಿ ಉಳಿಯಬಹುದು. 256 ಜಿಬಿ ಯಂತ್ರದಲ್ಲಿ ಅದು ಹತ್ತಾರು ಜಿಬಿ. ಆದ್ದರಿಂದ ಮೊದಲು ಸಿಂಕ್, ಆಮೇಲೆ ಫ್ರೀಜ್. ಈ ಕ್ರಮ ಬಿಟ್ಟವರು ದೂರಬೇಕಾದ್ದು ಫ್ರೀಜ್ ಅನ್ನಲ್ಲ.

2. “ಜರ್ನಲ್ ಇದೆಯಲ್ಲ! ಕರೆಂಟ್ ಹೋಗಿತ್ತು ಎಂದುಕೊಂಡರಾಯಿತು.”

ಅರ್ಧ ನಿಜ. ಪೋಸ್ಟ್‌ಗ್ರೆಸ್, ಇನ್ನೋಡಿಬಿಯಂಥ ಡೇಟಾಬೇಸ್‌ಗಳು ತಮ್ಮ ಲಾಗ್ ಓದಿಕೊಂಡು ಚೇತರಿಸಿಕೊಳ್ಳುತ್ತವೆ. ಡೇಟಾ ಮತ್ತು ಲಾಗ್ ಎರಡೂ ಒಂದೇ ಕ್ಷಣದವಾಗಿರಬೇಕು ಎಂಬುದೊಂದೇ ಷರತ್ತು. ಆದರೆ ಇಎಕ್ಸ್‌ಟಿ4ನ ಜರ್ನಲ್ ಮಾಮೂಲಿಯಾಗಿ ಕಾಯುವುದು ಫೈಲ್‌ಸಿಸ್ಟಮ್‌ನ ರಚನೆಯನ್ನು, ಫೈಲ್‌ನ ಒಳಗಿರುವುದನ್ನಲ್ಲ. ಬಳಕೆದಾರ ಈಗಷ್ಟೇ ಅಪ್‌ಲೋಡ್ ಮಾಡಿದ ದಾಖಲೆಪತ್ರವನ್ನು ನಿಮ್ಮ ತಂತ್ರಾಂಶ ಒತ್ತಾಯಿಸಿ ಡಿಸ್ಕ್‌ಗೆ ಇಳಿಸದಿದ್ದರೆ, ಅದು ಸುಮಾರು ಅರ್ಧ ನಿಮಿಷ ಮೆಮೊರಿಯಲ್ಲೇ ಇರಬಹುದು. ಅಂಥ ಹೊತ್ತಿನ ಸ್ನ್ಯಾಪ್‌ಶಾಟ್‌ನಲ್ಲಿ ಡೇಟಾಬೇಸ್ ‘ಫೈಲ್ ಬಂದಿದೆ’ ಎನ್ನುತ್ತದೆ, ಫೈಲ್ ತೆರೆದರೆ ಸೊನ್ನೆ ಬೈಟ್. ಎಲ್ಲವೂ ಸರಿಯಾಗಿ ಮೌಂಟ್ ಆಗುವುದರಿಂದ ಈ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

3. “ಎಲ್‌ವಿಎಂ ಬಳಸುತ್ತಿದ್ದೇವೆ, ಒಮ್ಮೆಯೂ ಫ್ರೀಜ್ ಮಾಡಿಲ್ಲ.”

ಮಾಡಿದ್ದೀರಿ, ನಿಮಗೆ ಗೊತ್ತಾಗಿಲ್ಲ. ಎಲ್‌ವಿಎಂ ಸ್ನ್ಯಾಪ್‌ಶಾಟ್ ತೆಗೆಯುವಾಗ ಕೆಳಗಿನ ಡಿವೈಸ್ ಮ್ಯಾಪರ್ ತಾನಾಗಿಯೇ ಫೈಲ್‌ಸಿಸ್ಟಮ್ ಅನ್ನು ಫ್ರೀಜ್ ಮಾಡಿ ಬಿಡುತ್ತದೆ. ಝಡ್‌ಎಫ್‌ಎಸ್‌ನಲ್ಲಿ ಫೈಲ್‌ಸಿಸ್ಟಮ್ಮೇ ಸ್ನ್ಯಾಪ್‌ಶಾಟ್ ತೆಗೆಯುವುದರಿಂದ ಅದರ ಅಗತ್ಯವೂ ಇಲ್ಲ. ತೊಡಕಿರುವುದು ಹೊರಗಿನಿಂದ ತೆಗೆಯುವ ಸ್ನ್ಯಾಪ್‌ಶಾಟ್‌ಗಳಲ್ಲಿ: ಹೈಪರ್‌ವೈಸರ್, ಸ್ಟೋರೇಜ್ ಪೆಟ್ಟಿಗೆ, ಕ್ಲೌಡ್ ಡಿಸ್ಕ್. ಅಮೆಜಾನ್ 2019ರಿಂದ ಒಂದು ಸರ್ವರ್‌ನ ಹಲವು ಡಿಸ್ಕ್‌ಗಳನ್ನು ಒಂದೇ ಕ್ಷಣದಲ್ಲಿ ಸೆರೆಹಿಡಿಯಬಲ್ಲದು. ಆದರೆ ಡಿಸ್ಕ್ ಮುಟ್ಟದ್ದನ್ನು ಅದೂ ಸೆರೆಹಿಡಿಯಲಾರದು. ಇಂಥ ಕಡೆ ಫ್ರೀಜ್ ಮಾಡುವಂತೆ ಕರ್ನಲ್‌ಗೆ ನಾವೇ ಹೇಳಬೇಕು. ಎಕ್ಸ್‌ಎಫ್‌ಎಸ್‌ಗೆ ಸೀಮಿತವಾಗಿದ್ದ ಫ್ರೀಜ್ ಕಮಾಂಡ್‌ನ ಸೌಲಭ್ಯ 2009ರ 2.6.29 ಕರ್ನಲ್‌ನಿಂದ ಇತರ ಫೈಲ್‌ಸಿಸ್ಟಮ್‌ಗಳಿಗೂ ಸಿಕ್ಕಿದೆ.

4. “ಸ್ಕ್ರಿಪ್ಟ್ ನಡುವೆಯೇ ಸತ್ತು, ಫ್ರೀಜ್ ಹಾಗೇ ಉಳಿದರೆ?”

ಇದು ತೂಕವಿರುವ ಆಕ್ಷೇಪ. ರೂಟ್ ಫೈಲ್‌ಸಿಸ್ಟಮ್ಮೇ ಫ್ರೀಜ್ ಆಗಿ ಉಳಿದರೆ ಲಾಗಿನ್ ಕೂಡ ಲಾಗ್ ಬರೆಯಲಾಗದೆ ನಿಂತುಬಿಡಬಹುದು. ಹಾಗೆಂದು ಫ್ರೀಜ್ ಅನ್ನೇ ಕೈಬಿಡುವುದು ನೆಗಡಿಗೆ ಹೆದರಿ ಮೂಗು ಕೊಯ್ದುಕೊಂಡಂತೆ. ವಿಂಡೋಸ್‌ನ ಸ್ನ್ಯಾಪ್‌ಶಾಟ್ ಸೇವೆಯಾದ ವಿಎಸ್‌ಎಸ್ ಬರಹವನ್ನು ತಡೆಹಿಡಿಯುವುದು ಹೆಚ್ಚೆಂದರೆ 10 ಸೆಕೆಂಡು. ಅಷ್ಟರಲ್ಲಿ ಕೆಲಸ ಆಗದಿದ್ದರೆ ಸ್ನ್ಯಾಪ್‌ಶಾಟ್ ಅನ್ನೇ ರದ್ದು ಮಾಡುತ್ತದೆ. ಲಿನಕ್ಸ್‌ನಲ್ಲಿ ಆ ಗಡುವು ಹಾಕುವುದು ನಮ್ಮ ಹೊಣೆ. ಫ್ರೀಜ್‌ಗೆ ಮುನ್ನವೇ ಅದನ್ನು ತೆರೆಯುವ ಟೈಮರ್ ಓಡುತ್ತಿರಲಿ. ಸ್ಕ್ರಿಪ್ಟ್‌ನ ಲಾಗ್ ಫ್ರೀಜ್ ಆದ ಜಾಗಕ್ಕೆ ಹೋಗದಿರಲಿ. ಕ್ಯುಎಮು ಗೆಸ್ಟ್ ಏಜೆಂಟ್ ಕೂಡ ಆ ಹೊತ್ತಿನಲ್ಲಿ ತನ್ನ ಲಾಗ್ ನಿಲ್ಲಿಸಿಕೊಳ್ಳುತ್ತದೆ. ಎಲ್ಲವೂ ಕೈಕೊಟ್ಟರೆ ಕನ್ಸೋಲ್‌ನಿಂದ ಸಿಸ್‌ಆರ್‌ಕ್ಯೂ ಜೆ ಒತ್ತಿ ಬಿಡಿಸಬಹುದು.

ನನ್ನ ಪಕ್ಷದವರಿಗೂ ಒಂದು ಮಾತು: ತಂತ್ರಾಂಶದ ಸ್ವಂತ ಬಫರ್‌ಗೆ ಫ್ರೀಜ್‌ನ ಕೈ ಎಟಕದು. ಅದಕ್ಕೆ ಡೇಟಾಬೇಸ್‌ನೊಂದಿಗೇ ಮಾತಾಡಬೇಕು. ಅಲ್ಲೂ ಎಚ್ಚರ ಬೇಕು: ಮೈಎಸ್‌ಕ್ಯುಎಲ್‌ನಲ್ಲಿ ದೀರ್ಘ ಕ್ವೆರಿಯೊಂದು ಓಡುತ್ತಿರುವಾಗ ಎಲ್ಲ ಟೇಬಲ್‌ಗಳಿಗೂ ಬೀಗ ಕೇಳಿದರೆ, ಆ ಕ್ವೆರಿ ಮುಗಿಯುವವರೆಗೆ ಹಿಂದಿನ ಸಾಲೆಲ್ಲ ನಿಲ್ಲುತ್ತದೆ.

ಫ್ರೀಜ್ ಬೇಡ ಎನ್ನುವವರು ಒಂದು ಕೆಲಸ ಮಾಡಲಿ. ಸರ್ವರ್ ಉಸಿರಾಡಲೂ ಬಿಡುವಿಲ್ಲದ ಹೊತ್ತಿನಲ್ಲಿ ಹೊರಗಿನಿಂದ ಹತ್ತು ಸ್ನ್ಯಾಪ್‌ಶಾಟ್ ತೆಗೆದು, ಬೇರೆ ಯಂತ್ರದಲ್ಲಿ ತೆರೆದು, ಡೇಟಾಬೇಸ್ ಹೇಳುವ ಫೈಲ್‌ಗಳಿಗೂ ಡಿಸ್ಕ್‌ನಲ್ಲಿರುವ ಫೈಲ್‌ಗಳಿಗೂ ತಾಳೆ ಹಾಕಲಿ. ಹತ್ತೂ ತಾಳೆಯಾದರೆ ಮತ್ತೆ ವಾದಕ್ಕೆ ಕೂರೋಣ.