ಹಗುರ ಟ್ಯೂಬಿನ ಭಾರ

ನಮ್ಮ ಸೈಕಲ್ ಬಳಗದ ಮಿತ್ರರು ಬರುವ ರಾಜ್ಯೋತ್ಸವಕ್ಕೆ ಪುಣೆಯಿಂದ ಸಾತಾರದವರೆಗೆ ಸೈಕಲ್ ಯಾತ್ರೆ ಹಮ್ಮಿಕೊಂಡಿರುವುದು ಸಂತೋಷದ ಸಂಗತಿ. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿದ್ದ ಪುಣೆಯಲ್ಲಿ ಕನ್ನಡಿಗರು ಹಳದಿ-ಕೆಂಪು ಬಾವುಟ ಕಟ್ಟಿಕೊಂಡು ಪೆಡಲು ತುಳಿಯುವುದನ್ನು ಯಾರು ತಾನೇ ಬೇಡವೆಂದಾರು? ಆದರೆ ಕಳೆದ ತಿಂಗಳು ಹಂಚಿದ ಸೂಚನಾಪತ್ರದ ನಾಲ್ಕನೆಯ ಕಲಮನ್ನು ಓದಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಯಾತ್ರಿಕರೆಲ್ಲರೂ ತಮ್ಮ ಚಕ್ರಗಳಿಗೆ ನಲವತ್ತು ಗ್ರಾಂ ಮೀರದ ಹಗುರ ಟ್ಯೂಬುಗಳನ್ನೇ ಹಾಕಿಸಿಕೊಂಡು ಬರತಕ್ಕದ್ದಂತೆ; ಇಲ್ಲವಾದರೆ ತಂಡದ ವೇಗ ಕುಂಠಿತವಾಗುತ್ತದಂತೆ!

ಧಾರವಾಡದ ಕಡೆಯಿಂದ ಬಂದು ಇಲ್ಲಿ ಓದುತ್ತಿರುವ ಇಬ್ಬರು ಹುಡುಗರು ಈ ಕಲಮನ್ನು ಓದಿ ಪಟ್ಟಿಯಿಂದ ತಮ್ಮ ಹೆಸರು ತೆಗೆಸಿದ್ದಾರೆ. ಕಾರಣ ಕೇಳಿದೆ. 'ಪರೀಕ್ಷೆ ಇದೆ ಸರ್' ಎಂದರು. ಯಾವ ಪರೀಕ್ಷೆಯೆಂದು ನನಗೆ ಗೊತ್ತು. ಅದು ಜೇಬಿನ ಪರೀಕ್ಷೆ. ಹೊರನಾಡಿನಲ್ಲಿ ನಾಲ್ಕು ಜನ ಕನ್ನಡಿಗರು ಒಟ್ಟಾಗಲೆಂದು ಮಾಡುವ ಯಾತ್ರೆಯಲ್ಲಿ ರಬ್ಬರಿನ ತೂಕ ನೋಡಿ ಜನರನ್ನು ಹೊರಗಿಡುವುದೇ?

ಇನ್ನು ತೂಕದ ವಿಚಾರ. ನಾನು ಲೆಕ್ಕಪತ್ರದ ಗುಮಾಸ್ತ; ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ಪಾಪವೂ ಬೆನ್ನಿಗಿದೆ. ಆದ್ದರಿಂದ ಅಂಕಿಗಳನ್ನೇ ಮುಂದಿಡುತ್ತೇನೆ. ರೋಡ್ ಸೈಕಲ್ಲಿನ ಸಾಧಾರಣ ಬ್ಯೂಟೈಲ್ ಟ್ಯೂಬು ಒಂದಕ್ಕೆ ೧೦೦ರಿಂದ ೧೧೦ ಗ್ರಾಂ ತೂಗುತ್ತದೆ. ಗೋಡೆ ತೆಳ್ಳಗೆ ಮಾಡಿದ ಬ್ಯೂಟೈಲ್ ಟ್ಯೂಬು ೭೦-೮೦ ಗ್ರಾಂ. ನಮ್ಮ ಮಿತ್ರರು ಮೋಹಗೊಂಡಿರುವ ಟಿ.ಪಿ.ಯು., ಅಂದರೆ ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಟ್ಯೂಬು, ಸುಮಾರು ೩೫ ಗ್ರಾಂ. ಚಕ್ರವೊಂದಕ್ಕೆ ೭೦ ಗ್ರಾಂ, ಎರಡಕ್ಕೂ ಕೂಡಿ ೧೪೦ ಗ್ರಾಂ ಉಳಿತಾಯವಾಯಿತೆನ್ನೋಣ. ಸವಾರ ೭೦ ಕಿಲೋ, ಸೈಕಲ್ ೧೦ ಕಿಲೋ, ನೀರು-ಸಾಮಾನು ೩ ಕಿಲೋ. ಒಟ್ಟು ೮೩ ಕಿಲೋ. ಅದರಲ್ಲಿ ೧೪೦ ಗ್ರಾಂ ಎಂದರೆ ಶೇಕಡಾ ೦.೧೭. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!

ಘಾಟಿನಲ್ಲಿ ಇದರ ಪ್ರಭಾವ ತಿಳಿಯುತ್ತದೆ ಎನ್ನುವವರಿದ್ದಾರೆ. ಸರಿ, ಆರುನೂರು ಮೀಟರು ಎತ್ತರದ ಏರನ್ನೇ ತೆಗೆದುಕೊಳ್ಳೋಣ. ೧೪೦ ಗ್ರಾಮನ್ನು ಅಷ್ಟು ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ ಸುಮಾರು ೮೨೦ ಜೂಲ್. ನಮ್ಮ ದೇಹಯಂತ್ರ ತಿಂದದ್ದರಲ್ಲಿ ಕಾಲು ಭಾಗವನ್ನು ಮಾತ್ರ ಕೆಲಸಕ್ಕೆ ಹಚ್ಚುತ್ತದೆಂದು ಹಿಡಿದರೂ, ಇದಕ್ಕೆ ಬೇಕಾಗುವ ಆಹಾರ ಒಂದು ಕಿಲೋಕ್ಯಾಲೊರಿಗಿಂತ ಕಡಿಮೆ. ಅರ್ಧ ಶೇಂಗಾಬೀಜ ಬಾಯಿಗೆ ಹಾಕಿಕೊಂಡರೆ ಲೆಕ್ಕ ಚುಕ್ತಾ. ಒಂದು ಗಂಟೆ ಹಿಡಿಯುವ ಏರಿನಲ್ಲಿ ಉಳಿಯುವ ಕಾಲ ಸುಮಾರು ಆರು ಸೆಕೆಂಡು. ಮೇಲೆ ತಲುಪಿ ಅಮೃತತುಲ್ಯದಂಗಡಿಯಲ್ಲಿ ಚಹಕ್ಕಾಗಿ ಹತ್ತು ನಿಮಿಷ ಕಾಯುವ ನಮಗೆ ಆ ಆರು ಸೆಕೆಂಡನ್ನು ಎಲ್ಲಿ ಖರ್ಚು ಮಾಡಬೇಕೋ ತಿಳಿಯದು.

'ತಿರುಗುವ ತೂಕ ಬೇರೆ ಸ್ವಾಮಿ, ಅದು ಹತ್ತು ಪಟ್ಟು' ಎಂದು ಅಂಗಡಿಯವರು ಹೇಳುವುದುಂಟು. ಹತ್ತು ಪಟ್ಟಲ್ಲ, ಹೆಚ್ಚೆಂದರೆ ಎರಡು ಪಟ್ಟು. ಚಕ್ರದ ಅಂಚಿನಲ್ಲಿರುವ ವಸ್ತುವಿಗೆ ಮುಂದೆ ಸಾಗುವ ಚಲನಶಕ್ತಿಯಷ್ಟೇ ತಿರುಗುವ ಚಲನಶಕ್ತಿಯೂ ಇರುತ್ತದೆ, ಅಷ್ಟೆ. ಅದೂ ವೇಗ ಹೆಚ್ಚಿಸುವಾಗ ಮಾತ್ರ. ಒಂದೇ ವೇಗದಲ್ಲಿ ಹೋಗುವಾಗ ಅದರಿಂದ ಹೆಚ್ಚಿನ ಹೊರೆಯಿಲ್ಲ. ಏರು ಹತ್ತುವಾಗ ಅದು ಬೇರೆಲ್ಲ ತೂಕದಂತೆಯೇ ಒಂದು ತೂಕ. ಗಂಟೆಗೆ ೩೦ ಕಿಲೋಮೀಟರು ವೇಗ ಪಡೆಯಲು ಸವಾರ-ಸೈಕಲ್ಲಿಗೆ ಸುಮಾರು ೨,೯೦೦ ಜೂಲ್ ಬೇಕಾದರೆ, ಈ ೧೪೦ ಗ್ರಾಮಿನ ಪಾಲು, ಎರಡು ಪಟ್ಟು ಹಿಡಿದರೂ, ಹತ್ತು ಜೂಲ್ ದಾಟುವುದಿಲ್ಲ. ಅಲ್ಲದೆ, ಪಂದ್ಯದ ಸೈಕಲ್ಲು ೬.೮ ಕಿಲೋಗಿಂತ ಹಗುರವಿರಕೂಡದೆಂದು ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವೇ ೨೦೦೦ದಲ್ಲಿ ನಿಯಮ ತಂದಿತು. ಸ್ಪರ್ಧೆಯನ್ನೇ ವೃತ್ತಿಯಾಗಿಸಿಕೊಂಡವರಿಗೂ ಹಗುರತನಕ್ಕೆ ಮಿತಿ ಇರುವಾಗ, ಹೊಟ್ಟೆಯ ಸುತ್ತ ಐದು ಕಿಲೋ ಉಳಿತಾಯ ಖಾತೆ ಇಟ್ಟಿರುವ ನಾವು ಗ್ರಾಂ ಎಣಿಸುವುದು ನಗೆಪಾಟಲು. ನಾನೂ ಆ ಖಾತೆದಾರರಲ್ಲಿ ಒಬ್ಬನೇ.

ಇದು ಬರೀ ಕಾಗದದ ವಾದವಲ್ಲ. ನಾನೂ ಈ ಮೋಹಕ್ಕೆ ಬಿದ್ದವನೇ. ಎರಡು ವರ್ಷದ ಹಿಂದೆ ತುಟ್ಟಿಭತ್ಯೆಯ ಬಾಕಿ ಕೈಗೆ ಬಂದಾಗ ಸುಮಾರು ಐದು ಸಾವಿರ ರೂಪಾಯಿ ತೆತ್ತು ಇಂಥ ಟ್ಯೂಬಿನ ಜೋಡಿಯನ್ನು ಕೊಂಡೆ. ಮನೆಯಲ್ಲಿ ಐನೂರೆಂದು ಹೇಳಿದೆ. ಮಳೆಗಾಲದ ಒಂದು ರವಿವಾರ ಕಾತ್ರಜದ ಹಳೆಯ ಘಾಟು ದಾಟಿ ಖೇಡ ಶಿವಾಪುರದ ಕಡೆ ಇಳಿಯುವಾಗ ಹಿಂದಿನ ಟಯರಿಗೆ ತಂತಿ ಚುಚ್ಚಿತು. ಹೆದ್ದಾರಿಯ ಸವಾರರಿಗೆಲ್ಲ ಗೊತ್ತಿರುವ ತಂತಿ ಅದು: ಸಿಡಿದ ಲಾರಿ ಟಯರುಗಳಿಂದ ಉದುರುವ ಕೂದಲೆಳೆಯಂಥ ಉಕ್ಕು. ಅದಕ್ಕೆ ೩೫ ಗ್ರಾಮಿನ ಟ್ಯೂಬೂ ಒಂದೇ, ೧೦೫ ಗ್ರಾಮಿನದೂ ಒಂದೇ. ಬದಲಿ ಟ್ಯೂಬು ಹಾಕಿದೆ. ಅವಸರದಲ್ಲಿ ಅದರ ವಾಲ್ವಿನ ಬುಡ ಕಿತ್ತುಬಂತು. ಸೈಕಲ್ ನೂಕಿಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಆ ಮುದುಕ ಉಪ್ಪುಕಾಗದದಿಂದ ಉಜ್ಜಿದ, ಸೊಲ್ಯೂಷನ್ ಹಚ್ಚಿದ, ತೇಪೆ ಒತ್ತಿದ. ಗಾಳಿ ತುಂಬಿದೊಡನೆ ತೇಪೆ ಎದ್ದುಬಂತು. ಮೂರು ಸಲ ಹೀಗಾಯಿತು. ತಪ್ಪು ಅವನದಲ್ಲ. ರಬ್ಬರಿಗೆ ರಬ್ಬರನ್ನು ಬೆಸೆಯುವ ಆ ದ್ರಾವಣ ಈ ಪ್ಲಾಸ್ಟಿಕ್ಕಿಗೆ ಹಿಡಿಯುವುದೇ ಇಲ್ಲ. ಅದಕ್ಕೆ ಬೇರೆಯೇ ತೇಪೆ ಬೇಕು. 'ಸಾಹೇಬ, ಇದು ಟ್ಯೂಬಲ್ಲ, ಪಿಶವಿ' ಎಂದು ಮರಾಠಿಯಲ್ಲಿ ನಗುತ್ತ ಹೇಳಿ, ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಕತ್ತಲಾದ ಮೇಲೆ ಮಳೆಯಲ್ಲಿ ತರಕಾರಿ ಟೆಂಪೊ ಹತ್ತಿ ಮನೆ ಸೇರಿದೆ. ಐದು ಸಾವಿರದ ಗುಟ್ಟೂ ಅಂದೇ ರಟ್ಟಾಯಿತು.

ಬ್ಯೂಟೈಲನ್ನು ಹಳೆಯ ಕಾಲದ್ದೆಂದು ಹೀಗಳೆಯುವ ಮುನ್ನ ಅದರ ಗುಣವನ್ನೂ ನೋಡಬೇಕು. ೧೯೩೭ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯಲ್ಲಿ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ಎಂಬ ರಸಾಯನಶಾಸ್ತ್ರಜ್ಞರು ಐಸೊಬ್ಯೂಟಿಲೀನಿಗೆ ಸ್ವಲ್ಪ ಐಸೊಪ್ರೀನ್ ಕೂಡಿಸಿ ಈ ರಬ್ಬರನ್ನು ರೂಪಿಸಿದರು. ಇದರ ಮೂಲಕ ಗಾಳಿ ಸೋರುವುದು ಸಹಜ ರಬ್ಬರಿನ ಸುಮಾರು ಹತ್ತನೆಯ ಒಂದು ಪಾಲು. ಸಹಜ ರಬ್ಬರಿನ ಲೇಟೆಕ್ಸ್ ಟ್ಯೂಬು ಮೃದು, ಟಯರಿನೊಡನೆ ಚೆನ್ನಾಗಿ ಬಳುಕುತ್ತದೆ, ಉರುಳುವಿಕೆಯಲ್ಲಿ ಕೆಲವು ವಾಟ್ ಶಕ್ತಿಯನ್ನು ನಿಜವಾಗಿಯೂ ಉಳಿಸುತ್ತದೆ. ಸ್ಪರ್ಧಿಗಳು ಅದನ್ನು ಮೆಚ್ಚುವುದು ಅದಕ್ಕೇ. ಆದರೆ ಪ್ರತಿದಿನ ಗಾಳಿ ತುಂಬಬೇಕು. ಬೆಳಿಗ್ಗೆ ಕಚೇರಿಗೆ ಹೊರಡುವವನಿಗೆ ಅಷ್ಟು ಸೇವೆ ಮಾಡುವ ವ್ಯವಧಾನವೆಲ್ಲಿ?

ಹಗುರ ಟ್ಯೂಬುಗಳಿಗೆ ಸ್ಥಾನವೇ ಇಲ್ಲವೆಂದು ನಾನು ಹೇಳುವುದಿಲ್ಲ. ಮಡಚಿದರೆ ಮುಷ್ಟಿಯಲ್ಲಿ ಅಡಗುವ ಟಿ.ಪಿ.ಯು. ಟ್ಯೂಬು ಸೀಟಿನ ಕೆಳಗಿನ ಚೀಲದಲ್ಲಿ ಬದಲಿಯಾಗಿ ಇರುವುದಕ್ಕೆ ಬಲು ಅನುಕೂಲ. ಜೊತೆಗೆ ಅದರದೇ ತೇಪೆಯೂ ಇರಲಿ. ಸೆಕೆಂಡಿಗೆ ಬಹುಮಾನವಿರುವ ಪಂದ್ಯದಲ್ಲಿ ಓಡುವವರು ಧಾರಾಳವಾಗಿ ಹಾಕಿಕೊಳ್ಳಲಿ. ಆದರೆ ಅತಿ ತೆಳ್ಳಗಿನ ಕೆಲವನ್ನು ರಿಮ್ಮಿಗೆ ಒತ್ತುವ ಬ್ರೇಕಿನ ಸೈಕಲ್ಲಿಗೆ ಹಾಕಬಾರದೆಂದು ತಯಾರಕರೇ ಹೇಳುತ್ತಾರೆ. ಉದ್ದ ಇಳಿಜಾರಿನಲ್ಲಿ ಬ್ರೇಕು ಹಿಡಿದು ಹಿಡಿದು ರಿಮ್ ಕಾಯುತ್ತದೆ, ಪ್ಲಾಸ್ಟಿಕ್ಕು ಆ ಬಿಸಿ ತಾಳಬೇಕಲ್ಲ? ನಮ್ಮ ಬಳಗದ ಅರ್ಧಕ್ಕೂ ಹೆಚ್ಚು ಸೈಕಲ್ಲುಗಳು ರಿಮ್ ಬ್ರೇಕಿನವು. ಸಾತಾರದ ದಾರಿಯಲ್ಲಿ ಕಾತ್ರಜವೂ ಇದೆ, ಖಂಬಾಟಕಿ ಘಾಟೂ ಇದೆ. ನಾಲ್ಕನೆಯ ಕಲಮು ಬರೆದವರು ಇದನ್ನು ವಿಚಾರಿಸಿದ್ದರೇ?

ನಿಜವಾಗಿ ವೇಗವನ್ನೂ ನೆಮ್ಮದಿಯನ್ನೂ ಕೊಡುವುದು ಟಯರು ಮತ್ತು ಅದರೊಳಗಿನ ಒತ್ತಡ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುವುದು ಗಾಳಿ ಕಡಿಮೆಯಾದಾಗ. ೨೩ ಮಿಲಿಮೀಟರಿನ ಕಡ್ಡಿ ಟಯರು ಬಿಟ್ಟು, ಫ್ರೇಮಿನಲ್ಲಿ ಜಾಗವಿದ್ದರೆ ೨೮ರದು ಹಾಕಿಸಿ. ಟ್ಯೂಬಿಗೆಂದು ಎತ್ತಿಟ್ಟ ದುಡ್ಡನ್ನು ಒಳಗೆ ರಕ್ಷಣಾಪಟ್ಟಿಯಿರುವ ಒಳ್ಳೆಯ ಟಯರಿಗೆ ಹಾಕಿ. ಟ್ಯೂಬು ಕೊಳ್ಳುವಾಗ ನೋಡಬೇಕಾದದ್ದು ಮೂರು: ಅದರ ಮೇಲೆ ಅಚ್ಚಾದ ಅಳತೆ ನಿಮ್ಮ ಟಯರಿಗೆ ಹೊಂದುತ್ತದೆಯೇ, ವಾಲ್ವು ನಿಮ್ಮ ರಿಮ್ಮಿನ ಆಳಕ್ಕೆ ಸಾಕಷ್ಟು ಉದ್ದವಿದೆಯೇ, ತೂತಾದರೆ ದಾರಿಯಲ್ಲಿ ಅದನ್ನು ಸರಿಪಡಿಸಬಲ್ಲವರಿದ್ದಾರೆಯೇ. ತೂಕ ನಾಲ್ಕನೆಯದು.

ಆದುದರಿಂದ ಬಳಗದ ಹಿರಿಯರಲ್ಲಿ ನನ್ನ ವಿನಂತಿಯಿಷ್ಟೆ. ನಾಲ್ಕನೆಯ ಕಲಮನ್ನು ಹೊಡೆದುಹಾಕಿ, ಆ ಜಾಗದಲ್ಲಿ ಹೀಗೆ ಬರೆಯಿರಿ: ಪ್ರತಿಯೊಬ್ಬರೂ ಎರಡು ಬದಲಿ ಟ್ಯೂಬು, ತೇಪೆ ಸಾಮಾನು, ಟಯರ್ ಬಿಚ್ಚುವ ಪಟ್ಟಿಗಳು, ಕೈಪಂಪು ಮತ್ತು ತೆಳು ಪ್ರೆಸ್ಟಾ ವಾಲ್ವಿಗೆ ಮೋಟಾರ್ ಬೈಕಿನ ಪಂಪು ಹಿಡಿಯುವಂತೆ ಮಾಡುವ ಪುಟ್ಟ ಹಿತ್ತಾಳೆ ತಿರುಪನ್ನು ತರತಕ್ಕದ್ದು. ಹೊರಡುವ ಹಿಂದಿನ ರವಿವಾರ ಸಂಘದ ಅಂಗಳದಲ್ಲಿ ಎಲ್ಲರೂ ಒಮ್ಮೆ ಟ್ಯೂಬು ಬದಲಿಸಿ ತೋರಿಸತಕ್ಕದ್ದು. ಒಬ್ಬ ಹೊಸಬ ಅರ್ಧ ಗಂಟೆ ಒದ್ದಾಡಿದರೆ ತಂಡದ ಅರ್ಧ ಗಂಟೆ ಹೋಯಿತು. ಆರು ಸೆಕೆಂಡಿನ ಲೆಕ್ಕ ಹಾಕುವವರಿಗೆ ಈ ಲೆಕ್ಕ ಕಾಣಬೇಡವೇ?

೧೮೮೮ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟಯರನ್ನು ಮಾಡಿದ್ದು ತನ್ನ ಮಗನ ಮೂರುಗಾಲಿ ಸೈಕಲ್ಲು ಕುಲುಕದೆ ಓಡಲೆಂದು. ಒಬ್ಬ ಹುಡುಗನ ಸುಖಕ್ಕಾಗಿ ಹುಟ್ಟಿದ ವಸ್ತು ಇಬ್ಬರು ಹುಡುಗರನ್ನು ಮನೆಯಲ್ಲಿ ಕೂಡಿಸಬಾರದು. ಅವರ ಹೆಸರನ್ನು ಪಟ್ಟಿಗೆ ಮರಳಿ ಸೇರಿಸಬೇಕೆಂದು ಈ ಮೂಲಕ ಕೋರುತ್ತೇನೆ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಇದೇ ಪುಟಗಳಲ್ಲಿ ತೋರಿಸಿಕೊಡಿ, ತಿದ್ದಿಕೊಳ್ಳುತ್ತೇನೆ. ತಪ್ಪಿಲ್ಲದಿದ್ದರೆ ಕಲಮನ್ನು ನೀವು ತಿದ್ದಿರಿ.